ನಳಿಗೆಯ ಬಾಯಿ, ಪಕ್ಕದವರ ಕಿವಿ

ಹಿರೇಕೆರೂರ ತಾಲೂಕಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನೆಲೆಸಿ ಇಪ್ಪತ್ತು ವರ್ಷಗಳ ಮೇಲಾಯಿತು. ಯುಗಾದಿಗೆ ಮತ್ತು ದೀಪಾವಳಿಗೆ ತಪ್ಪದೆ ದೂರವಾಣಿ ಮಾಡುವ ಹುಡುಗ. ಹುಡುಗ ಎಂದೆ, ಅವನಿಗೀಗ ಐವತ್ತರ ಸಮೀಪ. ಈ ಸಲ ಯೋಗಕ್ಷೇಮದ ಮಾತು ಮುಗಿದ ಮೇಲೆ ಸ್ವಲ್ಪ ಅಳುಕುತ್ತ ಒಂದು ಪ್ರಶ್ನೆ ಕೇಳಿದ. ನೆರೆಯವರ ಸಹವಾಸದಿಂದ ಅವನಿಗೆ ಬೇಟೆಯ ಹವ್ಯಾಸ ಹತ್ತಿದೆಯಂತೆ. .308 ಅಳತೆಯ ರೈಫಲ್ ಒಂದನ್ನು ಕೊಂಡಿದ್ದಾನೆ. ಅದರ ನಳಿಗೆಯ ತುದಿಯಲ್ಲಿ ತಿರುಪಿನ ಸುತ್ತುಗಳಿವೆ. ಅಲ್ಲಿ ಏನನ್ನಾದರೂ ಕೂಡ್ರಿಸಬಹುದು. ಅಂಗಡಿಯವನು ಮೂರು ಬಗೆಯ ಸಾಧನಗಳನ್ನು ಮುಂದಿಟ್ಟಿದ್ದಾನೆ. "ಸರ್, ನೀವು ನಮಗ ವಿಜ್ಞಾನ ಕಲಿಸಿದವರು. ಯಾವುದು ಹಾಕಸ್ಲಿ ಹೇಳ್ರಿ" ಎಂದ.

ಮೂವತ್ತು ವರ್ಷಗಳಿಗೂ ಮಿಕ್ಕಿ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರ ತಾಲೂಕುಗಳ ಶಾಲೆಗಳಲ್ಲಿ ಪಾಠ ಹೇಳಿದ ನನಗೆ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಬೇಟೆ ನನಗೆ ಒಗ್ಗದ ವಿಷಯ. ನಮ್ಮ ಮನೆತನದಲ್ಲಿ ಮಾಂಸಾಹಾರವೂ ಇಲ್ಲ. ಆದರೆ ಅವನು ಕೇಳಿದ್ದು ಬೇಟೆಯಾಡಲೇ ಎಂದಲ್ಲ. ಅಲ್ಲಿಯ ಕಾನೂನು ಒಪ್ಪಿದೆ, ಅವನ ಮನಸ್ಸೂ ಒಪ್ಪಿದೆ. ಅಲ್ಲದೆ ಟೆಕ್ಸಾಸಿನಲ್ಲಿ ಕಾಡುಹಂದಿಗಳ ಕಾಟ ನಮ್ಮ ಕಡೆಗಿಂತ ಕಡಿಮೆಯೇನೂ ಇಲ್ಲ. ಯುರೋಪಿನವರು ತಂದು ಬಿಟ್ಟ ಹಂದಿಗಳ ಸಂತತಿ ಅಲ್ಲಿ ಬೆಳೆದು ಹೊಲಗಳನ್ನು ಉತ್ತುಹಾಕುತ್ತದೆ. ಆದ್ದರಿಂದ ಉಪದೇಶವನ್ನು ಬದಿಗಿಟ್ಟು ಕೇಳಿದ ಪ್ರಶ್ನೆಗೇ ಉತ್ತರ ಹೇಳಬೇಕೆಂದುಕೊಂಡೆ. ಒಂದು ವಾರ ಸಮಯ ಕೇಳಿ ಓದಿದೆ. ಓದುತ್ತ ಹೋದಂತೆ ಟೆಕ್ಸಾಸ್ ಹಿಂದೆ ಸರಿದು ಹಾನಗಲ್ಲ ಮುಂದೆ ಬಂತು. ಆಮೇಲೆ ಶಿಗ್ಗಾಂವಿ ತಾಲೂಕಿನ ಒಂದು ತರಗತಿಯ ಕೊನೆಯ ಬೆಂಚು ಬಂತು. ಅವನಿಗೆ ಹೇಳಿದ್ದನ್ನೂ ಹೇಳದೆ ಉಳಿಸಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿಜ್ಞಾನ. ಗುಂಡು ನಳಿಗೆಯೊಳಗೆ ಓಡುವಾಗ ಅದರ ಬೆನ್ನಿಗೆ ಸುಟ್ಟ ಮದ್ದಿನ ಅನಿಲ ಅಗಾಧ ಒತ್ತಡದಲ್ಲಿ ತುಂಬಿರುತ್ತದೆ. ಗುಂಡು ಬಾಯಿಯನ್ನು ದಾಟಿದೊಡನೆ ಆ ಅನಿಲ ಒಮ್ಮೆಲೇ ಹೊರನುಗ್ಗುತ್ತದೆ. ಗೋಲಿ ಸೋಡಾದ ಗೋಲಿಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಬರುವ ಸಪ್ಪಳವನ್ನು ಲಕ್ಷಪಟ್ಟು ಹಿಗ್ಗಿಸಿ ನೋಡಿರಿ. ಬಂದೂಕಿನ ಶಬ್ದದ ದೊಡ್ಡ ಭಾಗ ಇದೇ. ನಳಿಗೆಯ ಬಾಯಿಗೆ ಹಾಕುವ ಸಾಧನಗಳೆಲ್ಲವೂ ಈ ಅನಿಲದೊಡನೆ ಏನಾದರೊಂದು ಮಾಡುತ್ತವೆ.

ಮಜಲ್ ಬ್ರೇಕ್ ಎಂಬುದು ಅನಿಲವನ್ನು ಪಕ್ಕಕ್ಕೂ ತುಸು ಹಿಂದಕ್ಕೂ ತಿರುಗಿಸುತ್ತದೆ. ಆ ಅನಿಲ ಅಡ್ಡಗೋಡೆಗಳಿಗೆ ಬಡಿದು ರೈಫಲನ್ನು ಮುಂದಕ್ಕೆ ತಳ್ಳುವುದರಿಂದ ಭುಜಕ್ಕೆ ಬೀಳುವ ಒದೆತ ಗಣನೀಯವಾಗಿ ಇಳಿಯುತ್ತದೆ. ನ್ಯೂಟನ್ನನ ಮೂರನೆಯ ನಿಯಮವೇ. ಎಂಟನೆಯ ತರಗತಿಯಲ್ಲಿ ದೋಣಿಯಿಂದ ದಡಕ್ಕೆ ಹಾರುವ ಮನುಷ್ಯನ ಚಿತ್ರ ಬಿಡಿಸಿ ಹೇಳುತ್ತಿದ್ದೆನಲ್ಲ, ಅದೇ. ಆದರೆ ಮುಂದಕ್ಕೆ ಹೋಗಬೇಕಾಗಿದ್ದ ಸಪ್ಪಳವೂ ಪಕ್ಕಕ್ಕೆ ಹಿಂದಕ್ಕೆ ತಿರುಗುತ್ತದೆ. ಫ್ಲ್ಯಾಶ್ ಹೈಡರ್ ಎಂಬ ಎರಡನೆಯದು ಕತ್ತಲೆಯಲ್ಲಿ ಬೆಂಕಿಯ ಮಿಂಚು ಕಣ್ಣಿಗೆ ಹೊಡೆಯದಂತೆ ಅನಿಲವನ್ನು ಚದುರಿಸುತ್ತದೆ. ಅದು ಸೈನಿಕರ ಅವಶ್ಯಕತೆ. ಹಗಲಲ್ಲಿ ಜಿಂಕೆ ಹೊಡೆಯುವವನಿಗೆ ಅದರಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ. ಮೂರನೆಯದು ಸೈಲೆನ್ಸರ್. ಕೋಣೆಯ ನಂತರ ಕೋಣೆಯಂತಿರುವ ಕೊಳವೆ. ಅನಿಲ ಒಂದೊಂದೇ ಕೋಣೆಯಲ್ಲಿ ಹಿಗ್ಗಿ, ತಣಿದು, ನಿಧಾನವಾಗಿ ಹೊರಬೀಳುತ್ತದೆ. ಮೋಟಾರು ಸೈಕಲ್ಲಿನ ಸೈಲೆನ್ಸರ್ ಮಾಡುವುದೂ ಇದನ್ನೇ. ಅದನ್ನು ಕಿತ್ತೆಸೆದು ಓಣಿಯ ತುಂಬ ಸಿಡಿಲು ಹೊಡೆಸಿಕೊಂಡು ಹೋಗುವ ನಮ್ಮೂರ ಹುಡುಗರಿಗೆ ಇದು ತಿಳಿದಿದ್ದರೆ ಚೆನ್ನಾಗಿತ್ತು.

ಸಿನಿಮಾದಲ್ಲಿ ಸೈಲೆನ್ಸರ್ ಹಾಕಿದ ಬಂದೂಕು 'ಪುಸ್' ಎನ್ನುತ್ತದೆ. ಅದು ಸುಳ್ಳು. ಅಂಥ ರೈಫಲಿನ ಶಬ್ದ ಹೊಡೆಯುವವನ ಕಿವಿಯ ಬಳಿ ಸುಮಾರು 160ರಿಂದ 170 ಡೆಸಿಬಲ್. ಒಳ್ಳೆಯ ಸೈಲೆನ್ಸರ್ ಅದರಲ್ಲಿ 20ರಿಂದ 35 ಡೆಸಿಬಲ್ ಇಳಿಸೀತು. ಉಳಿಯುವ ಸಪ್ಪಳ ಇನ್ನೂ ದೊಡ್ಡದೇ. ಮೇಲಾಗಿ ಆ ಗುಂಡು ಸೆಕೆಂಡಿಗೆ 800 ಮೀಟರಿನ ಆಸುಪಾಸಿನಲ್ಲಿ ಹೋಗುತ್ತದೆ. ಧ್ವನಿಯ ವೇಗ ಸುಮಾರು 340. ಧ್ವನಿಯನ್ನು ಹಿಂದಿಕ್ಕಿ ಓಡುವ ಗುಂಡು ದಾರಿಯುದ್ದಕ್ಕೂ ಚಾಟಿಯಂಥ ಸಪ್ಪಳ ಮಾಡುತ್ತದೆ. ಅದನ್ನು ಯಾವ ಸೈಲೆನ್ಸರೂ ತಡೆಯಲಾರದು. ಆದರೆ ಡೆಸಿಬಲ್ಲಿನ ಲೆಕ್ಕ ನಮ್ಮ ಸಾದಾ ಲೆಕ್ಕವಲ್ಲ ಎಂಬುದನ್ನು ಮರೆಯಬಾರದು. ಹತ್ತು ಇಳಿದರೆ ಶಕ್ತಿ ಹತ್ತನೆಯ ಒಂದು ಭಾಗಕ್ಕೆ, ಮೂವತ್ತು ಇಳಿದರೆ ಸಾವಿರದ ಒಂದು ಭಾಗಕ್ಕೆ ಇಳಿಯುತ್ತದೆ. ಇಂಥ ಹಠಾತ್ ಶಬ್ದಕ್ಕೆ 140 ಡೆಸಿಬಲ್ ಎಂಬುದು ವಯಸ್ಕರ ಕಿವಿಗೆ ಹಾಕಿದ ಗಡಿ. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 120. ಬರಿ ನಳಿಗೆ ಈ ಗಡಿಯನ್ನು ಎಲ್ಲಿಯೋ ದಾಟಿರುತ್ತದೆ. ಸೈಲೆನ್ಸರ್ ಅದನ್ನು ಗಡಿಯ ಹತ್ತಿರಕ್ಕೆ ಎಳೆದು ತರುತ್ತದೆ. ಮಜಲ್ ಬ್ರೇಕ್ ಇನ್ನೂ ಐದೋ ಹತ್ತೋ ಡೆಸಿಬಲ್ ಮೇಲಕ್ಕೆ ಒಯ್ಯುತ್ತದೆ.

ಈ ವಿದ್ಯೆಯ ಇತಿಹಾಸದಲ್ಲಿ ಒಂದು ಕುಟುಂಬವಿದೆ. 1884ರ ಸುಮಾರಿಗೆ ಮಷಿನ್‌ಗನ್ ಕಂಡುಹಿಡಿದ ಹಿರಾಮ್ ಮ್ಯಾಕ್ಸಿಮ್ ತನ್ನ ಬಂದೂಕುಗಳನ್ನು ಹಾರಿಸಿ ಹಾರಿಸಿ ಕೊನೆಗೆ ಕಿವುಡನಾದ. ಬಂದೂಕಿನ ಸೈಲೆನ್ಸರಿಗೆ 1909ರಲ್ಲಿ ಪೇಟೆಂಟ್ ಪಡೆದವನು ಅವನ ಮಗ ಹಿರಾಮ್ ಪರ್ಸಿ ಮ್ಯಾಕ್ಸಿಮ್. ತಂದೆ ಎಬ್ಬಿಸಿದ ಗದ್ದಲಕ್ಕೆ ಮಗ ಮುಚ್ಚಳ ಮಾಡಿದ!

ನಮ್ಮ ಮನೆತನದಲ್ಲಿ ಮುಚ್ಚಳ ಮಾಡುವವರು ಯಾರೂ ಇರಲಿಲ್ಲ. ಹಾನಗಲ್ಲಿನಿಂದ ಪಶ್ಚಿಮಕ್ಕೆ, ಮುಂಡಗೋಡದ ಕಾಡು ಶುರುವಾಗುವ ಅಂಚಿನಲ್ಲಿ ನನ್ನ ಸೋದರಮಾವನ ಭತ್ತದ ಗದ್ದೆ ಇತ್ತು. ಬೆಳೆ ಕಾಯುವುದಕ್ಕೆಂದು ಪರವಾನಗಿ ಪಡೆದ ಒಂದು ಕೇಪಿನ ಬಂದೂಕು ಅವನ ಬಳಿ ಇತ್ತು. ಒಂದೇ ನಳಿಗೆ, ಬಾಯಿಯಿಂದಲೇ ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ನಾರು ತುರುಕುವ ಜಾತಿ. ಸರಕಾರಿ ಕಾಗದದಲ್ಲಿ ಅದಕ್ಕೆ ಎಸ್.ಬಿ.ಎಂ.ಎಲ್. ಎನ್ನುತ್ತಾರೆ. ಅದರ ಬಾಯಿಗೆ ಮಾವ ಹಾಕುತ್ತಿದ್ದ ಏಕೈಕ ಸಾಧನವೆಂದರೆ ಮಳೆನೀರು ಇಳಿಯದಂತೆ ಹಳೆಯ ಧೋತರದ ಚಿಂದಿಯಿಂದ ಮಾಡಿದ ಬೂಚು. ಅದನ್ನು ತೆಗೆಯುವುದನ್ನು ಮರೆತು ಹಾರಿಸಿದರೆ ನಳಿಗೆಯೇ ಸಿಡಿಯಬಹುದೆಂದು ಅತ್ತೆ ಪ್ರತಿ ಸಂಜೆ ನೆನಪಿಸುತ್ತಿದ್ದಳು. ಅವಳ ಕೂಗು ಅವನಿಗೆ ಕೇಳುತ್ತಿತ್ತೋ ಇಲ್ಲವೋ. ಏಕೆಂದರೆ ಮಾವನ ಎಡಗಿವಿ ನಾನು ಕಂಡಾಗಿನಿಂದಲೂ ಮಂದ. ನಾವು ಮಕ್ಕಳು ಏನಾದರೂ ಹೇಳಹೋದರೆ ತಲೆ ತಿರುಗಿಸಿ, "ಈ ಕಿವಿಗೆ ಹೇಳೋ ತಮ್ಮಾ, ಆ ಕಿವಿ ಬಾಗಲಾ ಹಾಕೇದ" ಎನ್ನುತ್ತಿದ್ದ. ನಮಗೆ ನಗು. ಬಲಗೈಯವನು ಬಂದೂಕು ಹಿಡಿದಾಗ ಎಡಗಿವಿ ನಳಿಗೆಯ ಬಾಯಿಗೆ ಎದುರಾಗುತ್ತದೆ, ಬಲಗಿವಿಗೆ ತಲೆಯ ಮರೆ ಸಿಗುತ್ತದೆ. ಹೀಗಾಗಿ ಎಡಗಿವಿ ಮೊದಲು ಹೋಗುತ್ತದೆ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಸವಣೂರಿನಲ್ಲಿದ್ದಾಗ ನವಾಬರ ಕಾಲದ ಮನೆತನದ ವೃದ್ಧರೊಬ್ಬರ ಪರಿಚಯವಿತ್ತು. ಹಳೆಯ ಜೋಡುನಳಿಗೆ ಬಂದೂಕಿಗೆ ವರ್ಷಕ್ಕೊಮ್ಮೆ ಎಣ್ಣೆ ಹಾಕಿ ಒರೆಸುವುದಷ್ಟೇ ಆಗ ಅವರ ಬೇಟೆ. ಹರೆಯದಲ್ಲಿ ಹೊಡೆಯುವ ಮುನ್ನ ಮೇಣ ಸವರಿದ ಹತ್ತಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಿದ್ದೆನೆಂದು ಅವರು ಹೇಳಿದಾಗ ಅದನ್ನು ಶ್ರೀಮಂತರ ನಾಜೂಕು ಎಂದೇ ತಿಳಿದೆ. ಎಂಬತ್ತರ ವಯಸ್ಸಿನಲ್ಲಿ ಅವರು ಪಿಸುಮಾತನ್ನೂ ಕೇಳುತ್ತಿದ್ದರು.

ಇನ್ನು ಕೊನೆಯ ಬೆಂಚಿನ ಮಾತು. ಇದನ್ನು ಬರೆಯಲು ನನಗೆ ಸುಲಭವಲ್ಲ. 1980ರ ದಶಕದ ನಡುವಿನಲ್ಲಿ ಶಿಗ್ಗಾಂವಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಟಿಪ್ಪಣಿ ಬರೆಯಿಸುತ್ತಿದ್ದಾಗ ಒಬ್ಬ ಹುಡುಗ ವಿಚಿತ್ರವಾಗಿ ತಪ್ಪು ಬರೆಯುತ್ತಿದ್ದ. ನಾನು 'ಶಾಖ' ಎಂದರೆ ಅವನ ಪಟ್ಟಿಯಲ್ಲಿ 'ಆಕ'. ನಾನು 'ಸತು' ಎಂದರೆ 'ಅತು'. ಕನ್ನಡದಲ್ಲಿ ಇಲ್ಲದ ಶಬ್ದಗಳು. ಬೇಕೆಂದೇ ಕುಚೋದ್ಯ ಮಾಡುತ್ತಾನೆಂದು ತಿಳಿದು ಬೆಂಚಿನ ಮೇಲೆ ನಿಲ್ಲಿಸಿದೆ. ಒಮ್ಮೆಯಲ್ಲ, ಆ ವರ್ಷ ಹಲವು ಸಲ. ಪಟ್ಟಿಯ ತುಂಬ ಕೆಂಪು ಶಾಯಿ. ಅವನು ಒಮ್ಮೆಯೂ ಎದುರಾಡಲಿಲ್ಲ. "ಕೇಳಸಲಿಲ್ರಿ ಸರ್" ಎಂದು ಒಂದೆರಡು ಸಲ ಹೇಳಿದ್ದ. ಅದು ಎಲ್ಲ ಹುಡುಗರೂ ಹೇಳುವ ನೆವವೇ ಆದ್ದರಿಂದ ನಾನು ಲಕ್ಷ್ಯ ಕೊಡಲಿಲ್ಲ.

ಅವನ ತಂದೆ ರಾತ್ರಿ ಹೊಲ ಕಾಯುತ್ತಿದ್ದ. ಹಂದಿಯ ಹಿಂಡು ಬಂದ ಸಪ್ಪಳವಾದರೆ ಬಂದೂಕು ಹಾರಿಸಿ ಬೆದರಿಸುವುದು ರೂಢಿ. ಒಬ್ಬನೇ ಬಂದೂಕನ್ನೂ ಬ್ಯಾಟರಿಯನ್ನೂ ಹಿಡಿಯಲಾಗದು. ಆದ್ದರಿಂದ ಮಗ ಅಟ್ಟಣಿಗೆಯ ಮೇಲೆ ತಂದೆಗಿಂತ ಅರ್ಧ ಮಾರು ಮುಂದೆ, ಪಕ್ಕದಲ್ಲಿ, ಬ್ಯಾಟರಿ ಹಿಡಿದು ನಿಲ್ಲುತ್ತಿದ್ದ. ಅಂದರೆ ನಳಿಗೆಯ ಬಾಯಿಯ ಮಗ್ಗುಲಿಗೇ. ಹೊಡೆಯುವವನ ಕಿವಿ ಹಿಂದಿತ್ತು, ಬೆಳಕು ಹಿಡಿದವನ ಕಿವಿ ಮುಂದಿತ್ತು. ಇಂಥ ಪೆಟ್ಟು ಬಿದ್ದ ಕಿವಿಯಲ್ಲಿ ಮೊದಲು ಅಳಿಯುವುದು ತೀಕ್ಷ್ಣ ಧ್ವನಿಗಳು: ಶ, ಸ, ತ, ಕ ಮುಂತಾದ ವ್ಯಂಜನಗಳ ಅಂಚು. ಸ್ವರಗಳು ಉಳಿಯುತ್ತವೆ. ಹುಡುಗ ನನ್ನ ಧ್ವನಿಯನ್ನು ಕೇಳುತ್ತಿದ್ದ, ಮಾತನ್ನು ಕೇಳುತ್ತಿರಲಿಲ್ಲ. ತನಗೆ ಕೇಳಿದ್ದನ್ನು ಪ್ರಾಮಾಣಿಕವಾಗಿ ಬರೆದು ಬೆಂಚು ಹತ್ತುತ್ತಿದ್ದ. ಇದು ನನಗೆ ತಿಳಿದದ್ದು ಅವನು ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾಗಿ ಶಾಲೆ ಬಿಟ್ಟ ಎರಡು ವರ್ಷಗಳ ಮೇಲೆ, ಬಂಕಾಪುರದ ಸಂತೆಯಲ್ಲಿ ಅವನ ತಂದೆ ಸಿಕ್ಕು ಮಾತಾಡಿದಾಗ. ಧ್ವನಿಯ ಪಾಠವನ್ನು ವರ್ಷ ವರ್ಷ ಹೇಳಿದ ಮೇಷ್ಟ್ರು ನಾನು.

ಒಳಗಿವಿಯಲ್ಲಿ ಧ್ವನಿಯನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳು ಮನುಷ್ಯನಲ್ಲಿ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಲ್ಲಿ ಹುಟ್ಟುತ್ತವೆಯಂತೆ. ಬಂಕಾಪುರ ಕೋಟೆಯ ನವಿಲುಗಳಿಗೆ ಇರುವ ಭಾಗ್ಯ ಆ ಹುಡುಗನಿಗಿರಲಿಲ್ಲ.

ಹೀಗಾಗಿ ಟೆಕ್ಸಾಸಿನವನಿಗೆ ನಾನು ಕೇಳಿದ ಮೊದಲ ಪ್ರಶ್ನೆ ಬೇರೆಯೇ ಆಗಿತ್ತು: "ನೀನು ಹೊಡೆಯುವಾಗ ಪಕ್ಕದಲ್ಲಿ ಯಾರು ಇರುತ್ತಾರೆ?" ಹನ್ನೆರಡು ವರ್ಷದ ಮಗನನ್ನು ಕರೆದುಕೊಂಡು ಹೋಗುತ್ತೇನೆಂದ. ಅಲ್ಲಿಗೆ ನನ್ನ ಅಭಿಪ್ರಾಯ ಗಟ್ಟಿಯಾಯಿತು. ಮಜಲ್ ಬ್ರೇಕ್ ಬೇಡ. .308ರ ಒದೆತ ಆರೋಗ್ಯವಂತ ಗಂಡಸು ತಾಳಲಾರದಂಥದ್ದಲ್ಲ. ತನ್ನ ಭುಜದ ಸುಖಕ್ಕಾಗಿ ಮಗನ ಕಿವಿಯನ್ನು ಒತ್ತೆ ಇಡುವ ವ್ಯವಹಾರ ಅದು. ಆನೆಯಂಥ ಪ್ರಾಣಿಗೆ ಬಳಸುವ ಭಾರೀ ಬಂದೂಕುಗಳಿಗೆ ಅದು ಅವಶ್ಯವಿದ್ದೀತು. ಹಂದಿ ಜಿಂಕೆಗೆ ಬೇಕಿಲ್ಲ. ಹಾಕಿಸುವುದಾದರೆ ಸೈಲೆನ್ಸರ್ ಹಾಕಿಸು, ಅದರ ಮೇಲೆ ಇಬ್ಬರೂ ಕಿವಿಗವಚ ಹಾಕಿಕೊಳ್ಳಿರಿ ಎಂದೆ. ನಾರ್ವೆ, ಫಿನ್ಲೆಂಡ್ ದೇಶಗಳ ಬೇಟೆಗಾರರಲ್ಲಿ ಸೈಲೆನ್ಸರ್ ಸಾಮಾನ್ಯ ವಸ್ತು. ಅದನ್ನು ಅಲ್ಲಿ ಕಳ್ಳರ ಸಾಧನವೆಂದು ಯಾರೂ ಹುಬ್ಬೇರಿಸುವುದಿಲ್ಲ. ಅಮೆರಿಕದಲ್ಲಿ 1934ರ ಕಾನೂನು ಅದರ ಮೇಲೆ 200 ಡಾಲರ್ ತೆರಿಗೆ ಹೇರಿತ್ತು. 2026ರ ಜನವರಿಯಿಂದ ಆ ತೆರಿಗೆ ಸೊನ್ನೆಯಾಗಿದೆ, ಆದರೆ ಕೇಂದ್ರ ಸರಕಾರದಲ್ಲಿ ಅರ್ಜಿ, ನೋಂದಣಿ ಉಳಿದಿವೆ. ಕೆಲವು ರಾಜ್ಯಗಳು ಅದನ್ನು ಇಟ್ಟುಕೊಳ್ಳಲೂ ಬಿಡುವುದಿಲ್ಲ, ಟೆಕ್ಸಾಸ್ ಬಿಡುತ್ತದೆ.

ಇನ್ನು ಆರಿಸುವಾಗ ನೋಡಬೇಕಾದ್ದು. ಅದರ ರಂಧ್ರ ಗುಂಡಿನ ಅಳತೆಗೆ ತಕ್ಕುದಿರಬೇಕು. ಇಕ್ಕಟ್ಟಾದದ್ದನ್ನು ಕೂಡ್ರಿಸಿದರೆ ಗುಂಡು ಒಳಗಿನ ಅಡ್ಡಗೋಡೆಗೆ ಬಡಿದು ಅನಾಹುತವಾಗುತ್ತದೆ. ತಿರುಪು ಹೊಂದಬೇಕು. ಆ ಅಳತೆಯ ರೈಫಲಿಗೆ ಸಾಮಾನ್ಯವಾಗಿ ಇಂಚಿನ ಎಂಟನೆಯ ಐದು ಭಾಗ ದಪ್ಪ, ಇಂಚಿಗೆ 24 ಸುತ್ತು. ನಳಿಗೆಗೆ ಅದು ಓರೆಯಿಲ್ಲದೆ ನೇರವಾಗಿ ಕೂತಿದೆಯೇ ಎಂದು ಬಲ್ಲವರಿಂದ ನೋಡಿಸಬೇಕು. ಬಂದೂಕು ಒಂದು ಗೇಣು ಉದ್ದವಾಗುತ್ತದೆ, ಅರ್ಧ ಕಿಲೋದಷ್ಟು ಮೂತಿಭಾರ ಕೂಡುತ್ತದೆ, ಗುಂಡು ಬೀಳುವ ಜಾಗವೂ ತುಸು ಸರಿಯುತ್ತದೆ. ಆದ್ದರಿಂದ ಗುರಿಯನ್ನು ಮತ್ತೆ ಹೊಂದಿಸಿಕೊಳ್ಳಬೇಕು. ಇಷ್ಟು ತಾಪತ್ರಯ ಬೇಡವೆಂದರೆ ತಿರುಪಿನ ಮೇಲೆ ಸಾದಾ ಮುಚ್ಚಳ ತಿರುಗಿಸಿ, ಬರಿ ನಳಿಗೆಯಿಂದಲೇ, ಕಿವಿ ಮುಚ್ಚಿಕೊಂಡು ಹೊಡೆ. ಅದೂ ಬ್ರೇಕಿಗಿಂತ ಮೇಲು. ಕೊನೆಗೆ ಒಂದು ಎಚ್ಚರಿಕೆ ಹೇಳಿದೆ: ಊರಿಗೆ ಬರುವಾಗ ಆ ಕೊಳವೆ ಸಾಮಾನಿನಲ್ಲಿ ಮರೆತೂ ಬರಬಾರದು.

ಏಕೆಂದರೆ ನಮ್ಮ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ 'ಬಂದೂಕು' ಎಂಬುದರ ವ್ಯಾಖ್ಯೆಯೊಳಗೇ ಶಬ್ದವನ್ನಾಗಲಿ ಮಿಂಚನ್ನಾಗಲಿ ತಗ್ಗಿಸುವ ಸಾಧನವೂ ಸೇರಿದೆ. ಬಂದೂಕಿಲ್ಲದೆ ಬರಿ ಆ ಕೊಳವೆ ಸಿಕ್ಕರೂ ಬಂದೂಕು ಸಿಕ್ಕಂತೆಯೇ. ನನ್ನ ಮಾತು ಕೇಳಿ ಅವನು, "ಹಂಗಾದ್ರ ನಮ್ಮ ರೈತರಿಗೂ ಅದನ್ನ ಕೊಡಬೇಕಲ್ರಿ ಸರ್?" ಎಂದ. ಒಳ್ಳೆಯ ಪ್ರಶ್ನೆ. ಆದರೂ ನನ್ನ ಉತ್ತರ ಬೇಡವೆಂದೇ. ಇದರಲ್ಲಿ ವಿರೋಧಾಭಾಸವಿದೆ ಎಂದು ಯಾರಾದರೂ ಅಂದರೆ ಅನ್ನಲಿ.

ನಮ್ಮಲ್ಲಿ ಬೆಳೆ ಕಾಯುವ ಬಂದೂಕಿನ ಕೆಲಸವೇ ಸಪ್ಪಳ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ, ಅದರಲ್ಲಿಯೂ 1991ರ ತಿದ್ದುಪಡಿಯ ನಂತರ, ಬೇಟೆಯ ಪರವಾನಗಿ ಎಂಬುದೇ ಉಳಿದಿಲ್ಲ. ಬಂದೂಕಿನ ಪರವಾನಗಿ ಪ್ರಾಣಿಯನ್ನು ಕೊಲ್ಲುವ ಪರವಾನಗಿಯಲ್ಲ. ಗೋವಿನಜೋಳಕ್ಕೆ ನುಗ್ಗಿದ ಹಂದಿ ಓಡಬೇಕಾದದ್ದು ಗುಂಡಿಗಲ್ಲ, ಸದ್ದಿಗೆ. ಸದ್ದಡಗಿಸಿದ ಬಂದೂಕು ಹೊಲ ಕಾಯುವವನಿಗೆ ನಿರುಪಯೋಗಿ. ಬಯಲಿನ ಚಿಗರಿಯನ್ನು ಕದ್ದು ಹೊಡೆಯುವವನಿಗೆ ಮಾತ್ರ ವರ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳ ಅಭಯಾರಣ್ಯವಾಯಿತು. ಆದರೆ ಚಿಗರಿಗಳಿಗೆ ಅದರ ಗಡಿ ಗೊತ್ತಿಲ್ಲ. ನಮ್ಮ ಜಿಲ್ಲೆಯ ಎರೆಹೊಲಗಳಲ್ಲಿಯೂ ಅವು ಮೇಯುತ್ತವೆ, ರೈತರಿಂದ ಬೈಸಿಕೊಳ್ಳುತ್ತವೆ. ಈಡಿನ ಸದ್ದು ಊರಿಗೆ ಕೇಳುತ್ತದೆ ಎಂಬ ಅಳುಕು ಅವುಗಳಿಗೆ ಒಂದು ಬೇಲಿ. ಆ ಬೇಲಿಯನ್ನು ತೆಗೆಯಬಾರದು. ಮತ್ತು ಬಾಯಿಯಿಂದ ಮದ್ದು ತುಂಬುವ ಬಂದೂಕಿನ ಬಾಯಿಗೆ ಯಾರೂ ಏನನ್ನೂ ಕೂಡ್ರಿಸುವ ಪ್ರಯೋಗ ಮಾಡಬಾರದು, ಕಾನೂನಿನ ಮಾತು ಹಾಗಿರಲಿ, ಜೀವದ ದೃಷ್ಟಿಯಿಂದ.

ಹಾಗಾದರೆ ಕಿವಿಯ ಗತಿಯೇನು? ನನ್ನ ಆಕ್ಷೇಪವಿರುವುದು ಇಲ್ಲಿ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಪರವಾನಗಿ ಬೇಡುವವರಿಗೆ ಸುರಕ್ಷತಾ ತರಬೇತಿಯ ಮಾತಿದೆ. ಚುನಾವಣೆ ಬಂತೆಂದರೆ ಬಂದೂಕನ್ನು ಠಾಣೆಗೆ ಒಪ್ಪಿಸಿರೆಂದು ತಪ್ಪದೆ ಸೂಚನೆ ಬರುತ್ತದೆ, ಬೆಳೆ ನಿಂತ ಕಾಲವಿದ್ದರೂ. ನವೀಕರಣಕ್ಕೆ ಕಾಗದದ ಮೇಲೆ ಕಾಗದ ಕೇಳುತ್ತಾರೆ. ಇಷ್ಟೆಲ್ಲ ಕೇಳುವವರು ಹೊಲದ ಅಟ್ಟಣಿಗೆಯ ಮೇಲೆ ಯಾರ ಕಿವಿ ಎಲ್ಲಿದೆ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಔಷಧದ ಅಂಗಡಿಯಲ್ಲಿ ಚಹಾದ ದುಡ್ಡಿಗೆ ಸಿಗುವ ರಬ್ಬರಿನದೋ ಸ್ಪಂಜಿನದೋ ಕಿವಿಬಿರಡೆ ಒಂದು ಜತೆ ಇದ್ದರೆ, ಸರಿಯಾಗಿ ಒಳಗೆ ಕೂಡ್ರಿಸಿಕೊಂಡರೆ, 20 ಡೆಸಿಬಲ್ಲಿನ ಮೇಲೆ ಇಳಿಯುತ್ತದೆ. ಒಣ ಹತ್ತಿ ಸಾಲದು. ಪರವಾನಗಿಯ ಪುಸ್ತಕದೊಡನೆ ಎರಡು ಜತೆ ಕೊಟ್ಟರೆ ಸರಕಾರದ ಬೊಕ್ಕಸ ಬರಿದಾಗದು. ಎರಡು ಜತೆ ಏಕೆಂದರೆ, ಬೆಳಕು ಹಿಡಿಯುವವರೂ ಒಬ್ಬರಿರುತ್ತಾರೆ. ಮಕ್ಕಳನ್ನು ಅಲ್ಲಿ ನಿಲ್ಲಿಸಲೇಬಾರದು. ನಿಂತವರು ದೊಡ್ಡವರಾದರೂ ನಳಿಗೆಯ ಬಾಯಿಗಿಂತ ಹಿಂದೆ ನಿಲ್ಲಬೇಕು.

ಈಗೀಗ ಪಿ.ವಿ.ಸಿ. ಕೊಳವೆಯಲ್ಲಿ ಕಾರ್ಬೈಡಿಗೆ ನೀರು ಬೆರೆಸಿ ಸಿಡಿಸುವ ಗನ್ನುಗಳು ಮಂಗನ ಕಾಟಕ್ಕೆಂದು ಹಳ್ಳಿಗಳಿಗೆ ಬಂದಿವೆ. ಪರವಾನಗಿ ಬೇಡ, ತರಬೇತಿ ಬೇಡ ಎಂದು ಮಕ್ಕಳ ಕೈಗೂ ಕೊಡುತ್ತಾರೆ. 2025ರ ದೀಪಾವಳಿಯಲ್ಲಿ ಭೋಪಾಲ ಮತ್ತು ಸುತ್ತಲಿನ ಊರುಗಳಲ್ಲಿ ಇಂಥ ಗನ್ನುಗಳಿಂದ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಯಿತು. ಕಣ್ಣಿನ ಗಾಯ ಸುದ್ದಿಯಾಗುತ್ತದೆ. ಕಿವಿಯದು ಆಗುವುದಿಲ್ಲ, ಅದು ಪಟ್ಟಿಯ ಕೆಂಪು ಶಾಯಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಟೆಕ್ಸಾಸಿನ ಶಿಷ್ಯ ಸೈಲೆನ್ಸರಿಗೆ ಅರ್ಜಿ ಹಾಕಿದ್ದಾನಂತೆ. ಮಗನಿಗೆ ಕಿವಿಗವಚ ಕೊಂಡು ಅದರ ಫೋಟೋ ಕಳಿಸಿದ್ದಾನೆ.

ಕೊನೆಯ ಬೆಂಚಿನ ಹುಡುಗ ಈಗ ಮೊಮ್ಮಕ್ಕಳನ್ನು ಕಂಡವನು, ಒಳ್ಳೆಯ ರೈತ. ಹೋದ ತಿಂಗಳು ಮನೆಗೆ ಬಂದಿದ್ದ. ನಾನು ತಿಳಿದೇ ಅವನ ಬಲಬದಿಗೆ ಕುಳಿತೆ, ಆ ಕಡೆಯದು ಸ್ವಲ್ಪ ಉತ್ತಮ. ಹಳೆಯ ಮಾತು ತೆಗೆದು, ತಪ್ಪು ನನ್ನದಿತ್ತು ಎಂದೆ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. "ಕೇಳಸ್ತರೀ ಸರ್" ಎಂದು ನಕ್ಕ. ಆಮೇಲೆ ನನ್ನ ಹೆಂಡತಿ ಕೊಟ್ಟ ಚಹಾ ಕುಡಿಯುತ್ತ, ಈ ಸಲ ಗೋವಿನಜೋಳಕ್ಕೆ ಹಂದಿ ಬಹಳ ಬಂದಿವೆಯೆಂದೂ ಎರಡು ರಾತ್ರಿಯಿಂದ ನಿದ್ದೆಯಿಲ್ಲವೆಂದೂ ಹೇಳಿದ. ಹೊರಡುವಾಗ ಮೇಜಿನ ಮೇಲಿಟ್ಟಿದ್ದ ಕಿವಿಬಿರಡೆಗಳ ಎರಡು ಪೊಟ್ಟಣಗಳನ್ನು ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, ಒಂದನ್ನು ಮಗನಿಗೆ ಕೊಡುತ್ತೇನೆಂದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ.